ಛತ್ರ ಗೊತ್ತಾಗಿದೆ, ಸಹಿ ಹಾಕು

2007ರ ಸೆಪ್ಟೆಂಬರ್ 30ಕ್ಕೆ ಮದುವೆ. ಮಗಳ ಮದುವೆ ನೋಡಲು ತಂದೆ, ತಾಯಿ, ಸಹೋದರಿ ಪೂರ್ವ ಯುರೋಪಿನಿಂದ ಆಸ್ಟ್ರೇಲಿಯಾಕ್ಕೆ ಬಂದಿಳಿದಿದ್ದರು. ನೆಂಟರಿಷ್ಟರಿಗೆ ಕರೆ ಹೋಗಿತ್ತು, ವಧುವಿನ ಉಡುಪು ಹೊಲಿದಾಗಿತ್ತು, ಔತಣದ ಜಾಗ ಗೊತ್ತಾಗಿತ್ತು. ಇನ್ನು ಹನ್ನೊಂದೇ ದಿನ ಇರುವಾಗ ವರ ಒಂದು ಮಾತು ಹೇಳಿದ: ವಕೀಲರ ಬಳಿ ಹೋಗೋಣ, ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು, ಹಾಕದಿದ್ದರೆ ಮದುವೆ ನಡೆಯುವುದಿಲ್ಲ.

ನ್ಯಾಯಾಲಯದ ಕಡತದಲ್ಲಿ ಅವಳ ಹೆಸರು ಥಾರ್ನ್, ಅವನ ಹೆಸರು ಕೆನಡಿ. ಎರಡೂ ಗುರುತು ಮರೆಸಲು ಕೊಟ್ಟ ಹೆಸರುಗಳು. ಪರಿಚಯವಾದಾಗ ಅವಳಿಗೆ 36, ಅವನಿಗೆ 67. ಮದುವೆ ಸಂಬಂಧ ಹುಡುಕುವ ಜಾಲತಾಣವೊಂದರಲ್ಲಿ 2006ರಲ್ಲಿ ಭೇಟಿಯಾದವರು. ಅವನು ಕಟ್ಟಡ, ಜಮೀನಿನ ವ್ಯವಹಾರದ ಉದ್ಯಮಿ; ಆಸ್ತಿ 1.8 ಕೋಟಿಯಿಂದ 2.4 ಕೋಟಿ ಆಸ್ಟ್ರೇಲಿಯನ್ ಡಾಲರ್. ಅವಳ ಬಳಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೇ. ಆಸ್ಟ್ರೇಲಿಯಾದಲ್ಲಿ ಉಳಿಯುವ ಅವಳ ಅವಕಾಶವೂ ಈ ಮದುವೆಯ ಮೇಲೇ ನಿಂತಿತ್ತು.

ಕಾನೂನಿನ ಪ್ರಕಾರ ಸ್ವತಂತ್ರ ವಕೀಲರ ಸಲಹೆ ಬೇಕಿತ್ತು, ಅದೂ ಸಿಕ್ಕಿತು. ಆಕೆಯ ವಕೀಲೆ ಕರಡನ್ನು ಓದಿ, ಇದು ತೀರಾ ಅನುಚಿತ, ಸಹಿ ಹಾಕಬೇಡಿ ಎಂದು ಸ್ಪಷ್ಟವಾಗಿ ಹೇಳಿದರು. ಮೂರು ವರ್ಷದೊಳಗೆ ಬೇರೆಯಾದರೆ ಅವಳಿಗೆ ಏನೂ ಇಲ್ಲ. ಮೂರು ವರ್ಷ ದಾಟಿ, ಮಕ್ಕಳಿಲ್ಲದೆ ಬೇರೆಯಾದರೆ 50,000 ಡಾಲರ್, ಅಷ್ಟೇ. ಮದುವೆಗೆ ನಾಲ್ಕು ದಿನ ಇರುವಾಗ, 26ರಂದು, ಅವಳು ಸಹಿ ಹಾಕಿದಳು. ಮದುವೆಯಾದ ಮೇಲೆ, ನವೆಂಬರಿನಲ್ಲಿ, ಹೆಚ್ಚುಕಡಿಮೆ ಅದೇ ಷರತ್ತುಗಳ ಇನ್ನೊಂದು ಒಪ್ಪಂದಕ್ಕೂ ಸಹಿ ಹಾಕಿದಳು. 2011ರಲ್ಲಿ ದಾಂಪತ್ಯ ಮುರಿಯಿತು. 2012ರಲ್ಲಿ ಅವಳು ನ್ಯಾಯಾಲಯಕ್ಕೆ ಹೋದಳು.

ವಕೀಲರು ಬೇಡವೆಂದರೂ ಸಹಿ ಹಾಕಿದವಳು, ಓದಿ ತಿಳಿದೇ ಸಹಿ ಹಾಕಿದವಳು, ಆಮೇಲೆ ಬಂದು ‘ನನ್ನ ಮೇಲೆ ಒತ್ತಡವಿತ್ತು’ ಎಂದರೆ ಕೇಳಬೇಕೆ? ಈ ಪ್ರಶ್ನೆಗೆ ಒಂದೇ ದೇಶದ ಮೂರು ಹಂತದ ನ್ಯಾಯಾಲಯಗಳು ಬೇರೆಬೇರೆ ಉತ್ತರ ಕೊಟ್ಟವು. ವಿಚಾರಣಾ ನ್ಯಾಯಾಧೀಶೆ 2015ರಲ್ಲಿ ಎರಡೂ ಒಪ್ಪಂದಗಳನ್ನು ರದ್ದು ಮಾಡಿದರು. ಇದು ಬೆದರಿಕೆಯಿಂದ ಪಡೆದ ಸಹಿ ಎಂದರು. ಕೌಟುಂಬಿಕ ನ್ಯಾಯಾಲಯದ ಪೂರ್ಣಪೀಠ 2016ರಲ್ಲಿ ಅದನ್ನು ತಿರುಗಿಸಿತು. ಹಣ ನನ್ನ ಮಕ್ಕಳಿಗೆ ಎಂದು ಕೆನಡಿ ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದ. ಮದುವೆಯಾಗುವುದಿಲ್ಲ ಎನ್ನುವುದು ಅಪರಾಧವೇನಲ್ಲ ಎಂಬುದು ಅದರ ವಾದದ ತಿರುಳು. ಕೊನೆಗೆ 2017ರ ನವೆಂಬರ್ 8ರಂದು ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನ ಏಳೂ ನ್ಯಾಯಮೂರ್ತಿಗಳು ಒಪ್ಪಂದಗಳು ನಿಲ್ಲುವುದಿಲ್ಲ ಎಂದರು. ಅಷ್ಟರಲ್ಲಿ ಕೆನಡಿ ತೀರಿಕೊಂಡು ಮೂರು ವರ್ಷ ದಾಟಿತ್ತು.

ಆ ತೀರ್ಪನ್ನು ಯಾರಾದರೂ ನಿಧಾನವಾಗಿ ಓದಬೇಕು. ಅಲ್ಲಿ ಬೈಗುಳವಿಲ್ಲ, ಹೊಡೆತವಿಲ್ಲ, ಕೊಲೆ ಬೆದರಿಕೆಯಿಲ್ಲ. ಕೆನಡಿ ಸುಳ್ಳನ್ನೂ ಹೇಳಿರಲಿಲ್ಲ. ಬಹುಮತದ ನ್ಯಾಯಮೂರ್ತಿಗಳು ಬೆದರಿಕೆಯ ಮಾತನ್ನು ಬದಿಗಿಟ್ಟು, ನಿಜವಾಗಿ ನಡೆದದ್ದು ಅನುಚಿತ ಪ್ರಭಾವ ಎಂದರು. ಷರತ್ತು ಅರ್ಥವಾಗಿತ್ತೇ ಎಂದು ಕೇಳಿ ಅವರು ನಿಲ್ಲಿಸಲಿಲ್ಲ; ಬೇಡ ಎನ್ನಲು ಅವಳಿಗೆ ದಾರಿ ಇತ್ತೇ ಎಂದು ಕೇಳಿದರು. ಚೌಕಾಸಿಗೆ ಎಡೆಯಿತ್ತೇ, ಮದುವೆ ನಿಲ್ಲಿಸುವ ಬೆದರಿಕೆ ಇತ್ತೇ, ಯೋಚಿಸಲು ಸಮಯವಿತ್ತೇ, ಇಬ್ಬರ ಸಂಬಂಧ ಹೇಗಿತ್ತು, ಇಬ್ಬರ ಹಣಕಾಸಿನ ನಡುವೆ ಎಷ್ಟು ಅಂತರವಿತ್ತು, ಸ್ವತಂತ್ರ ಸಲಹೆ ಸಿಕ್ಕಿತ್ತೇ ಮತ್ತು ಆ ಸಲಹೆಯನ್ನು ಮೆಲುಕು ಹಾಕಲು ಪುರಸೊತ್ತಿತ್ತೇ ಎಂದು ನೋಡಬೇಕೆಂದರು. ವಕೀಲರ ಸಲಹೆ ಸಿಕ್ಕಿದ್ದರಿಂದ ಒತ್ತಡ ಹೋಗಲಿಲ್ಲ. ಅಷ್ಟು ಕೆಟ್ಟ ಷರತ್ತಿಗೆ, ಅಷ್ಟು ಸ್ಪಷ್ಟ ಸಲಹೆಯ ನಂತರವೂ ಒಬ್ಬಳು ಸಹಿ ಹಾಕಿದಳು ಎಂಬುದೇ ಅವಳ ಅಸಹಾಯಕತೆಗೆ ಸಾಕ್ಷಿಯಾಯಿತು. ನ್ಯಾಯಮೂರ್ತಿ ಗಾರ್ಡನ್ ಬೇರೆ ದಾರಿಯಲ್ಲಿ ಬಂದರು. ಅವಳ ನಿರ್ಧಾರಶಕ್ತಿ ಕುಸಿದಿರಲಿಲ್ಲ, ಆದರೆ ಅವಳ ದುರ್ಬಲ ಸ್ಥಿತಿಯನ್ನು ತಿಳಿದೂ ಅದರ ಲಾಭ ಪಡೆದದ್ದು ಅನ್ಯಾಯ ಎಂದರು.

ವಿಚಾರಣಾ ನ್ಯಾಯಾಧೀಶೆ ಗುರುತಿಸಿದ ಸಂಗತಿಗಳಲ್ಲಿ ಒಂದು ನಮ್ಮವರಿಗೆ ತಟ್ಟನೆ ನಾಟುತ್ತದೆ: ಮದುವೆ ನಾಲ್ಕು ಜನರಿಗೆ ಗೊತ್ತಾಗಿ ಹೋಗಿತ್ತು. ಹಣ, ವೀಸಾ, ತಾಯಿಯಾಗುವ ಆಸೆ ಇವುಗಳ ಜೊತೆಯಲ್ಲೇ ಅವರು ಅದನ್ನೂ ಬರೆದರು. ಬಂದ ನೆಂಟರ ಮುಂದೆ ಮದುವೆ ಮುರಿಯುವ ಅವಮಾನವನ್ನು ನ್ಯಾಯಾಲಯವೊಂದು ಒತ್ತಡದ ಲೆಕ್ಕಕ್ಕೆ ತೆಗೆದುಕೊಂಡಿತು.

ಅದೇ ಅಳತೆಗೋಲು ಎದುರು ದಿಕ್ಕಿಗೂ ತಿರುಗಬಲ್ಲದು. ಅಮೆರಿಕದ ಬೇಸ್‌ಬಾಲ್ ತಾರೆ ಬ್ಯಾರಿ ಬಾಂಡ್ಸ್ ಮದುವೆಯಾದದ್ದು 1988ರ ಫೆಬ್ರುವರಿ 6ರಂದು, ಲಾಸ್ ವೇಗಸ್‌ನಲ್ಲಿ. ಹಿಂದಿನ ದಿನ ಫೀನಿಕ್ಸ್‌ನ ವಕೀಲರ ಕಚೇರಿಯಲ್ಲಿ ವಧು ಒಪ್ಪಂದಕ್ಕೆ ಸಹಿ ಹಾಕಿದಳು; ಅಲ್ಲಿಂದ ನೇರ ವಿಮಾನಕ್ಕೆ. ಸ್ವೀಡನ್‌ನಿಂದ ಬಂದ ಹುಡುಗಿ. ಅವನ ಕಡೆ ವಕೀಲರಿದ್ದರು, ಅವಳ ಕಡೆ ಯಾರೂ ಇರಲಿಲ್ಲ. ದುಡಿದದ್ದು ದುಡಿದವರಿಗೇ ಎಂಬುದು ಷರತ್ತು. ಆಗ ಅವನ ಸಂಬಳ ವರ್ಷಕ್ಕೆ ಸುಮಾರು 1,06,000 ಡಾಲರ್. ವಿಚ್ಛೇದನದ ವಿಚಾರಣೆ ನಡೆಯುವ ಹೊತ್ತಿಗೆ 80 ಲಕ್ಷ. ಗಂಡ ಹೆಂಡತಿ ದಾಂಪತ್ಯದಲ್ಲಿ ಗಳಿಸಿದ್ದು ಇಬ್ಬರಿಗೂ ಸಮ ಎನ್ನುವ ಕ್ಯಾಲಿಫೋರ್ನಿಯಾದಲ್ಲಿ ಈ ಒಂದು ಹಾಳೆ ಅವಳ ಪಾಲನ್ನು ಅಳಿಸಿಹಾಕಿತ್ತು.

2000ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಒಪ್ಪಂದವನ್ನು ಎತ್ತಿಹಿಡಿಯಿತು. ಕೊಟ್ಟ ಕಾರಣಗಳಲ್ಲಿ ಒಂದು, ಅದು ಸಣ್ಣ ಮದುವೆ ಎಂಬುದು. ಕೆಲವೇ ಅತಿಥಿಗಳು, ದೊಡ್ಡ ತಯಾರಿಯೇನಿಲ್ಲ. ಬೇಕೆಂದಿದ್ದರೆ ಮುಂದೂಡಬಹುದಿತ್ತು, ಮುಜುಗರವೇನೂ ಆಗುತ್ತಿರಲಿಲ್ಲ ಎಂಬ ತರ್ಕ. ಆಸ್ಟ್ರೇಲಿಯಾದಲ್ಲಿ ಮದುವೆಯ ಸಡಗರ ಹೆಂಡತಿಯನ್ನು ಕಾಯಿತು. ಇಲ್ಲಿ ಸಡಗರ ಇಲ್ಲದ್ದೇ ಅವಳಿಗೆ ಮುಳುವಾಯಿತು.

ಅಮೆರಿಕದಲ್ಲಿ ಇನ್ನೂ ಕಠಿಣ ತೀರ್ಪುಗಳಿವೆ. ಪೆನ್ಸಿಲ್ವೇನಿಯಾದಲ್ಲಿ 39ರ ನರರೋಗ ಶಸ್ತ್ರವೈದ್ಯ, 23ರ, ಕೆಲಸವಿಲ್ಲದ ನರ್ಸ್. 1975ರಲ್ಲಿ, ಮದುವೆಯ ಹಿಂದಿನ ದಿನ, ವಕೀಲರಿಲ್ಲದೆ ಅವಳಿಂದ ಸಹಿ ಹಾಕಿಸಲಾಯಿತು: ಬೇರೆಯಾದರೆ ವಾರಕ್ಕೆ 200 ಡಾಲರ್, ಒಟ್ಟು 25,000 ದಾಟುವಂತಿಲ್ಲ. ಆ ರಾಜ್ಯದ ಸುಪ್ರೀಂ ಕೋರ್ಟ್ 1990ರಲ್ಲಿ ಇದನ್ನು ಎತ್ತಿಹಿಡಿಯುತ್ತಾ, ಹೆಂಗಸರು ಈಗ ಅಬಲೆಯರಲ್ಲ, ಸಹಿ ಹಾಕಿದ ಎಲ್ಲರಂತೆ ಅವರೂ ಬದ್ಧರು ಎಂಬ ನಿಲುವು ತಳೆಯಿತು. ಸಮಾನತೆಯ ಹೆಸರಿನಲ್ಲಿ ಬಂದ ಈ ಮಾತು ಒಪ್ಪುವಂಥದ್ದಲ್ಲ. ಹೆಂಗಸರೆಲ್ಲರೂ ದುರ್ಬಲರಲ್ಲ, ನಿಜ. ಆದರೆ ಕೆಲಸವಿಲ್ಲದ ಒಬ್ಬ ನರ್ಸ್ ಮದುವೆಯ ಮುನ್ನಾದಿನ ಯಾವ ಸ್ಥಿತಿಯಲ್ಲಿದ್ದಳು ಎಂಬುದಕ್ಕೆ ಹೆಂಗಸರ ಕುರಿತ ಸಾಮಾನ್ಯ ಹೇಳಿಕೆ ಉತ್ತರವಾಗುವುದಿಲ್ಲ.

ಬಾಂಡ್ಸ್ ತೀರ್ಪಿನ ಮರುವರ್ಷವೇ ಕ್ಯಾಲಿಫೋರ್ನಿಯಾದ ಶಾಸಕರು ಕಾನೂನನ್ನು ತಿದ್ದಿದರು. 2002ರಿಂದ ಅಲ್ಲಿ ಒಪ್ಪಂದದ ಪ್ರತಿ ಕೈಗೆ ಬರುವುದಕ್ಕೂ ಸಹಿಗೂ ನಡುವೆ ಕನಿಷ್ಠ 7 ದಿನ ಇರಬೇಕೆಂಬ ನಿಯಮ ಬಂತು. ವಕೀಲರು ಬೇಡ ಎನ್ನುವವರು ಅದನ್ನು ಬೇರೆಯೇ ಕಾಗದದಲ್ಲಿ ಬರೆದುಕೊಡಬೇಕು. ಅಂಥವರಿಗೆ, ಅವರು ಏನನ್ನು ಬಿಟ್ಟುಕೊಡುತ್ತಿದ್ದಾರೆ ಎಂಬುದನ್ನು ಅವರಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ ವಿವರಿಸಿರಬೇಕು. ಹಾಸನದಿಂದಲೋ ಧಾರವಾಡದಿಂದಲೋ ಮದುವೆಯಾಗಲು ಸ್ಯಾನ್ ಹೊಸೆಗೆ ಹೋಗುವ ಹುಡುಗಿಗೆ ಇದು ದೂರದ ಸುದ್ದಿಯಲ್ಲ. ನಿಶ್ಚಯವಾದವರಿಗೆ ಅಮೆರಿಕ ಕೊಡುವ ಕೆ-1 ವೀಸಾದಲ್ಲಿ ಹೋದವರು ಅಲ್ಲಿ ಇಳಿದ 90 ದಿನದೊಳಗೆ ಮದುವೆಯಾಗಬೇಕು, ಇಲ್ಲವೇ ವಾಪಸು ಹೊರಡಬೇಕು. ಆ 90 ದಿನದ ಮಧ್ಯೆ ಮುಂದಿಟ್ಟ ಕಾಗದಕ್ಕೆ ಎಷ್ಟು ಒತ್ತಡ ತಾನಾಗಿಯೇ ಅಂಟಿಕೊಂಡಿರುತ್ತದೆ ಎಂಬುದನ್ನು ಥಾರ್ನ್ ಪ್ರಕರಣ ತೋರಿಸುತ್ತದೆ.

ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ ಇಂಥ ಒಪ್ಪಂದ ನ್ಯಾಯಾಧೀಶರ ಕೈಯನ್ನು ಪೂರ್ತಿ ಕಟ್ಟುವುದಿಲ್ಲ. ಜರ್ಮನಿಯ ಶ್ರೀಮಂತ ಮನೆತನದ ಕ್ಯಾಟ್ರಿನ್ ರಾಡ್‌ಮಾಖರ್ ಮತ್ತು ಫ್ರೆಂಚ್ ಬ್ಯಾಂಕರ್ ನಿಕೊಲಾ ಗ್ರಾನಟಿನೊ ಪ್ರಕರಣದಲ್ಲಿ 2010ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೈಕಿ ಎಂಟು ಮಂದಿ, ಸ್ವಇಚ್ಛೆಯಿಂದ, ಪರಿಣಾಮ ತಿಳಿದು ಮಾಡಿಕೊಂಡ ಒಪ್ಪಂದಕ್ಕೆ ಅನ್ಯಾಯವಾಗದ ಹೊರತು ಬೆಲೆ ಕೊಡಬೇಕು ಎಂದರು. ಅಲ್ಲಿ ಬಿಟ್ಟುಕೊಟ್ಟವನು ಗಂಡ. ಹಣದ ವ್ಯವಹಾರ ಬಲ್ಲವನಾದ್ದರಿಂದ ಒತ್ತಡದ ವಾದ ಹೆಚ್ಚು ನಿಲ್ಲಲಿಲ್ಲ. ಪೀಠದಲ್ಲಿದ್ದ ಏಕೈಕ ಮಹಿಳೆ, ಲೇಡಿ ಹೇಲ್, ಒಬ್ಬರೇ ಭಿನ್ನಮತ ಬರೆದರು. ಇಂಥ ಒಪ್ಪಂದಗಳ ಉದ್ದೇಶವೇ ಹಣವಿಲ್ಲದ ಕಡೆಯವರಿಗೆ ಸಿಗಬೇಕಾದ್ದನ್ನು ತಪ್ಪಿಸುವುದು, ಮತ್ತು ಆ ಕಡೆಯವರು ಸಾಮಾನ್ಯವಾಗಿ ಹೆಂಡತಿಯರು ಎಂಬುದನ್ನು ಅವರು ನೆನಪಿಸಿದರು.

ಇನ್ನು ನಮ್ಮಲ್ಲಿಗೆ ಬರೋಣ. ಬೆಂಗಳೂರಿನ ಐ.ಟಿ. ದಂಪತಿಗಳ ನಡುವೆ ‘ಪ್ರಿನಪ್’, ಅಂದರೆ ಮದುವೆಗೆ ಮುಂಚಿನ ಒಪ್ಪಂದ, ಎಂಬ ಮಾತು ಈಗ ಕೇಳಿಬರುತ್ತಿದೆ. ಸ್ಟ್ಯಾಂಪ್ ಪೇಪರಿನ ಮೇಲೆ ಬರೆಸಿ, ನೋಟರಿ ಮುದ್ರೆ ಒತ್ತಿಸಿದರೆ ಗಟ್ಟಿಯಾಯಿತು ಎಂಬ ನಂಬಿಕೆ ವಿದ್ಯಾವಂತರಲ್ಲೂ ಇದೆ. ಆದರೆ ಹಿಂದೂ ದಂಪತಿಗಳ ಮಟ್ಟಿಗೆ ಒತ್ತಡದ ಪ್ರಶ್ನೆಗೆ ಬರುವ ಮೊದಲೇ ಕಾಗದ ಎಡವುತ್ತದೆ. 1872ರ ಭಾರತೀಯ ಕರಾರು ಅಧಿನಿಯಮದ 23ನೇ ಕಲಂ ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಒಪ್ಪಂದವನ್ನು ಶೂನ್ಯ ಎನ್ನುತ್ತದೆ. ಮದುವೆ ಮುರಿಯುವುದನ್ನು ಮೊದಲೇ ಲೆಕ್ಕಹಾಕುವ ಕರಾರನ್ನು ನ್ಯಾಯಾಲಯಗಳು ಈ ಕಲಮಿನಡಿ ನೋಡುತ್ತ ಬಂದಿವೆ. 1901ರಲ್ಲಿ ಕಲ್ಕತ್ತ ಹೈಕೋರ್ಟಿನ ಮುಂದೆ ಬಂದ ಕರಾರಿನಲ್ಲಿ ಗಂಡ ಮನೆಅಳಿಯನಾಗಿ ಅತ್ತೆಯ ಮಾತಿನಂತೆ ಅಲ್ಲೇ ಉಳಿಯುತ್ತೇನೆ, ಹೆಂಡತಿಯನ್ನು ಬೇರೆಡೆ ಕರೆದೊಯ್ಯುವುದಿಲ್ಲ ಎಂದು ಒಪ್ಪಿದ್ದ. ಅದು ನಿಲ್ಲಲಿಲ್ಲ. ಮುಂದೆಂದಾದರೂ ಬೇರೆಯಾದರೆ ಎಂದು ಮೊದಲೇ ಬರೆದಿಟ್ಟ ಕರಾರನ್ನು 1911ರಲ್ಲಿ ಮದ್ರಾಸ್ ಹೈಕೋರ್ಟೂ ಮಾನ್ಯ ಮಾಡಲಿಲ್ಲ.

ಎಲ್ಲರಿಗೂ ಒಂದೇ ನಿಯಮವಿಲ್ಲ ಎಂಬುದನ್ನೂ ಹೇಳಬೇಕು. ಮುಸ್ಲಿಂ ಮದುವೆ ಸ್ವತಃ ಒಪ್ಪಂದ. ನಿಕಾಹ್‌ನಾಮಾದಲ್ಲಿ ಮೆಹರ್ ಜೊತೆಗೆ ಕಾನೂನಿಗೆ ಒಪ್ಪುವ ಷರತ್ತುಗಳನ್ನು ಬರೆಯಬಹುದು. ಕ್ರೈಸ್ತರ ವಿಚ್ಛೇದನದ 1869ರ ಕಾಯಿದೆ ಮದುವೆಗೆ ಮುಂಚಿನ ಆಸ್ತಿ ಏರ್ಪಾಡುಗಳನ್ನು ಪರಿಶೀಲಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ಕಾರವಾರದಿಂದ ಮಾಜಾಳಿ ದಾಟಿ ಗೋವಾಕ್ಕೆ ಕಾಲಿಟ್ಟರೆ ಚಿತ್ರವೇ ಬದಲಾಗುತ್ತದೆ. ಪೋರ್ಚುಗೀಸರ 1867ರ ನಾಗರಿಕ ಸಂಹಿತೆಯ ಕೌಟುಂಬಿಕ ಭಾಗ ಅಲ್ಲಿ ಇಂದಿಗೂ ಜಾರಿಯಲ್ಲಿದೆ. ಏನೂ ಬರೆಯದೆ ಮದುವೆಯಾದರೆ ಗಂಡ ಹೆಂಡತಿಯ ಆಸ್ತಿ ಇಬ್ಬರಿಗೂ ಸೇರಿದ್ದು. ಬೇರೆ ಏರ್ಪಾಡು ಬೇಕಿದ್ದರೆ ಮದುವೆಗೆ ಮುಂಚೆಯೇ ಅಧಿಕೃತ ಪತ್ರ ಮಾಡಿಸಬೇಕು, ಆಮೇಲೆ ಬದಲಿಸುವಂತಿಲ್ಲ.

ಉಳಿದ ಭಾರತದಲ್ಲಿ ಹಿಂದೂ ಗಂಡ ಹೆಂಡತಿಗೆ ಅಂಥ ಸಮಪಾಲೇ ಇಲ್ಲ. ಯಾರ ಹೆಸರಿನಲ್ಲಿದೆಯೋ ಅದು ಅವರದು. ಆದ್ದರಿಂದ ಇಲ್ಲಿ ಪ್ರಿನಪ್ ಬರೆಸುವವರ ಕಣ್ಣು ಮುಖ್ಯವಾಗಿ ಜೀವನಾಂಶದ ಮೇಲಿರುತ್ತದೆ: ‘ಮುಂದೆ ಏನಾದರೂ ಆದರೆ ನಾನು ಏನೂ ಕೇಳುವುದಿಲ್ಲ’ ಎಂದು ಹುಡುಗಿ ಬರೆದುಕೊಡಲಿ ಎಂಬುದು. ಈ ಬರಹಕ್ಕೆ ಬೆಲೆ ಇಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಕೊಡುವ ಜೀವನಾಂಶದ ಹಕ್ಕನ್ನು ಒಪ್ಪಂದದಿಂದ ಬಿಟ್ಟುಕೊಡಲು ಆಗದು ಎಂದು ಕೇರಳ ಸೇರಿದಂತೆ ಹೈಕೋರ್ಟುಗಳು ಹೇಳಿವೆ. ಹೆಂಡತಿ ಬೀದಿಗೆ ಬೀಳಬಾರದು ಎಂಬುದು ಸಮಾಜದ ಕಾಳಜಿ. ಅದನ್ನು ಇಬ್ಬರು ಕೂತು ರದ್ದು ಮಾಡುವಂತಿಲ್ಲ. ಜೀವನಾಂಶ ಎಷ್ಟು ಎಂಬುದನ್ನು ನ್ಯಾಯಾಲಯ ನಿರ್ಧರಿಸುವುದು ಇಬ್ಬರೂ ಪ್ರಮಾಣಪತ್ರದಲ್ಲಿ ಕೊಡುವ ಆದಾಯ, ಆಸ್ತಿ, ಸಾಲದ ವಿವರ ನೋಡಿ. ಆ ಪ್ರಮಾಣಪತ್ರವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಕಡ್ಡಾಯ ಮಾಡಿದೆ.

ಹಾಗಾದರೆ ಒತ್ತಡದ ಪ್ರಶ್ನೆ ಭಾರತಕ್ಕೆ ಬೇಡವೇ? ಖಂಡಿತ ಬೇಕು. ಮದುವೆಯ ಆಸುಪಾಸಿನಲ್ಲಿ ಹಾಕಿಸುವ ಸಹಿಗಳೆಲ್ಲ ಪ್ರಿನಪ್‌ಗಳಲ್ಲ. ತವರಿನ ಆಸ್ತಿಯ ಹಕ್ಕು ಬಿಡುಗಡೆ ಪತ್ರ, ಹುಡುಗಿಯ ಹೆಸರಿನ ನಿವೇಶನದ ದಾನಪತ್ರ, ಗಂಡನ ಸಾಲಕ್ಕೆ ಜಾಮೀನು ಪತ್ರ: ಇವೆಲ್ಲ ಕಾನೂನಿನ ಕಣ್ಣಿಗೆ ಮೇಲ್ನೋಟಕ್ಕೆ ಸರಿಯಾದ ದಸ್ತಾವೇಜುಗಳು. ಅಲ್ಲಿ ಪ್ರಶ್ನೆ ಒಂದೇ, ಒಪ್ಪಿಗೆ ಮುಕ್ತವಾಗಿತ್ತೇ? ಕರಾರು ಅಧಿನಿಯಮದ 15ನೇ ಕಲಂ ಬಲಾತ್ಕಾರವನ್ನೂ 16ನೇ ಕಲಂ ಅನುಚಿತ ಪ್ರಭಾವವನ್ನೂ ವಿವರಿಸುತ್ತವೆ. ಅವುಗಳಿಂದ ಪಡೆದ ಒಪ್ಪಿಗೆಯನ್ನು ಒತ್ತಡಕ್ಕೆ ಒಳಗಾದವರು ರದ್ದು ಮಾಡಿಸಬಹುದು.

ಈ ವಿಷಯದಲ್ಲಿ ನಮ್ಮ ನ್ಯಾಯಾಲಯಗಳ ಅನುಭವ ಆಸ್ಟ್ರೇಲಿಯಾದ್ದಕ್ಕಿಂತ ಹಳೆಯದು. 1889ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಒಬ್ಬ ವಿಧವೆಯ ಕಥೆ ಬಂತು. ವಯಸ್ಸು 13. ಗಂಡನ ಹೆಣ ಮನೆಯಲ್ಲಿರುವಾಗಲೇ ಬಂಧುಗಳು ಒಬ್ಬ ಹುಡುಗನನ್ನು ದತ್ತು ತೆಗೆದುಕೋ ಎಂದು ಹಟ ಹಿಡಿದರು. ಒಪ್ಪುವವರೆಗೆ ಹೆಣ ಎತ್ತಲು ಬಿಡಲಿಲ್ಲ. ಅವಳು ಒಪ್ಪಿದಳು. ಆ ದತ್ತು ಅವಳನ್ನು ಕಟ್ಟಿಹಾಕುವುದಿಲ್ಲ, ಆ ಒಪ್ಪಿಗೆ ಮುಕ್ತವಲ್ಲ ಎಂದು ನ್ಯಾಯಾಲಯ ಹೇಳಿತು. ಸುಮಾರು ಮೂರು ದಶಕದ ನಂತರ ಅದೇ ನ್ಯಾಯಾಲಯಕ್ಕೆ ಇನ್ನೊಂದು ಪ್ರಕರಣ ಬಂತು. ಆಸ್ತಿಯನ್ನು ನನ್ನ ಸಹೋದರನಿಗೆ ಬಿಟ್ಟುಕೊಡಿ, ಇಲ್ಲದಿದ್ದರೆ ಪ್ರಾಣ ಬಿಡುತ್ತೇನೆ ಎಂದು ಗಂಡನೊಬ್ಬ ಹೆಂಡತಿ, ಮಗನನ್ನು ಹೆದರಿಸಿ ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದ್ದ. ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಇದು ಬಲಾತ್ಕಾರವೇ ಎಂದರು. ಕತ್ತಿ ಹಿಡಿದು ನಿಂತರೆ ಮಾತ್ರ ಬಲಾತ್ಕಾರವಲ್ಲ, ಮನೆಯವರ ಪ್ರೀತಿ, ಭಯ, ಮರ್ಯಾದೆಯನ್ನು ಹಿಡಿದೂ ಕೈ ತಿರುಚಬಹುದು ಎಂಬುದನ್ನು ಈ ಎರಡು ತೀರ್ಪುಗಳು ಅಂದೇ ಕಂಡಿದ್ದವು. ಕಾನೂನು ಕಾಲೇಜುಗಳಲ್ಲಿ ಇಂದಿಗೂ ಇವನ್ನು ಪಾಠ ಮಾಡುತ್ತಾರೆ.

ನಮ್ಮ ಮದುವೆಗಳಲ್ಲಿ ಆ ಒತ್ತಡ ಎಲ್ಲಿಂದ ಹುಟ್ಟುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಿಶ್ಚಿತಾರ್ಥವಾಗಿದೆ, ಲಗ್ನಪತ್ರಿಕೆ ಹಂಚಿದ್ದಾರೆ, ಛತ್ರಕ್ಕೆ ಮುಂಗಡ ಕೊಟ್ಟಿದ್ದಾರೆ, ಅಪ್ಪ ಸಾಲ ಮಾಡಿದ್ದಾರೆ. ತಂಗಿಯ ಮದುವೆ ಮುಂದಿದೆ. ಆಗ ‘ಒಂದು ಸಣ್ಣ ಕಾಗದ, ಸುಮ್ಮನೆ ಫಾರ್ಮಾಲಿಟಿ’ ಎಂದು ಯಾರಾದರೂ ಮುಂದಿಟ್ಟರೆ, ಸಹಿ ಹಾಕು ಎಂದು ಒತ್ತಾಯಿಸುವವರಲ್ಲಿ ಹುಡುಗಿಯ ಸ್ವಂತ ಅಪ್ಪ ಅಮ್ಮಂದಿರೂ ಇರುತ್ತಾರೆ. ಗಂಡಿನ ಕಡೆಯವರೂ ಇದಕ್ಕೆ ಹೊರತಲ್ಲ. ಹುಡುಗನ ಹೆಸರಿಗೆ ಬಂದ ಆಸ್ತಿಯನ್ನು ಮದುವೆಗೆ ಮುಂಚೆ ಅಣ್ಣನ ಹೆಸರಿಗೆ ಬರೆಸಿಕೊಳ್ಳುವುದೂ ಇದೇ ಜಾತಿಯ ಒತ್ತಡ. ಥಾರ್ನ್ ತೀರ್ಪು ಭಾರತದ ನ್ಯಾಯಾಲಯಗಳನ್ನು ಬಂಧಿಸುವುದಿಲ್ಲ. ಆದರೆ ಮದುವೆಯ ಸಡಗರವೇ ಒತ್ತಡವಾಗಬಲ್ಲದು ಎಂಬ ಅದರ ಕಾಣ್ಕೆಯನ್ನು ಮಂಡಿಸಲು ನಮ್ಮ ವಕೀಲರಿಗೆ ಅಡ್ಡಿಯೇನಿಲ್ಲ, 16ನೇ ಕಲಂ ಅದಕ್ಕೆ ಜಾಗ ಕೊಡುತ್ತದೆ.

ಮದುವೆಯ ಹೊತ್ತಿನಲ್ಲಿ ಬರೆಯಲೇಬೇಕಾದ ಕಾಗದ ಕಾನೂನಿನಲ್ಲೇ ಒಂದಿದೆ. 1985ರ ನಿಯಮಗಳ ಪ್ರಕಾರ ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿ ಮಾಡಿ, ಯಾವುದು, ಸುಮಾರು ಎಷ್ಟು ಬೆಲೆ, ಯಾರು ಕೊಟ್ಟದ್ದು ಎಂದು ಬರೆದು ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಬೇಕು. ವರದಕ್ಷಿಣೆ ನಿಷೇಧ ಕಾಯಿದೆಯಡಿ ಬಂದ ಈ ನಿಯಮ ಪಾಲನೆಯಾಗುವುದು ಬಹಳ ಅಪರೂಪ. ವಿಚ್ಛೇದನದ ಹೊತ್ತಿನಲ್ಲಿ ಒಡವೆ ಯಾರದ್ದು ಎಂದು ವರ್ಷಗಟ್ಟಲೆ ಕಾದಾಡುವವರಿಗೆ ಯಾವ ಪ್ರಿನಪ್‌ಗಿಂತಲೂ ಈ ಪಟ್ಟಿ ಹೆಚ್ಚು ಕೆಲಸಕ್ಕೆ ಬರುತ್ತಿತ್ತು.

ಈಗಾಗಲೇ ಸಹಿ ಹಾಕಿ ಕೂತವರು ಮೊದಲು ಮಾಡಬೇಕಾದ್ದು ದಿನಾಂಕಗಳನ್ನು ಹಿಡಿದಿಡುವುದು. ಕರಡು ಯಾವ ದಿನ ಕೈಗೆ ಬಂತು, ಮದುವೆ ಯಾವ ದಿನ, ವಾಟ್ಸ್ಆ್ಯಪ್‌ನಲ್ಲಿ ಯಾರು ಏನು ಬರೆದರು, ವಕೀಲರು ಯಾರ ಕಡೆಯವರು, ಅವರ ಫೀಸು ಕೊಟ್ಟವರು ಯಾರು, ಬರಹ ಯಾವ ಭಾಷೆಯಲ್ಲಿತ್ತು, ಓದಿ ಹೇಳಿದವರಿದ್ದರೇ. ಥಾರ್ನ್ ಗೆದ್ದದ್ದು, ಬಾಂಡ್ಸ್ ಹೆಂಡತಿ ಸೋತದ್ದು ಇಂಥ ವಿವರಗಳ ಮೇಲೆಯೇ. ಸಮಯದ ಮಿತಿಯೂ ಇದೆ. ದಸ್ತಾವೇಜನ್ನು ರದ್ದು ಮಾಡಿಸಲು 1963ರ ಕಾಲಮಿತಿ ಅಧಿನಿಯಮ ಕೊಡುವುದು 3 ವರ್ಷ, ಅದೂ ರದ್ದತಿಗೆ ಕಾರಣವಾದ ಸಂಗತಿ ತಿಳಿದಂದಿನಿಂದ. ಸಂಸಾರ ಉಳಿಯಲಿ ಎಂದು ಸುಮ್ಮನಿದ್ದವರ ಕೈಯಿಂದ ಈ ಅವಧಿ ಜಾರಿಹೋಗುವುದೇ ಹೆಚ್ಚು, ಮತ್ತು ದೀರ್ಘ ಮೌನವನ್ನು ಎದುರಾಳಿ ಒಪ್ಪಿಗೆ ಎಂದೇ ವಾದಿಸುತ್ತಾನೆ. ವಕೀಲರ ಖರ್ಚಿಗೆ ಹೆದರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯಿದೆಯ ಪ್ರಕಾರ ಮಹಿಳೆಯರಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ; 15100 ಸಂಖ್ಯೆಗೆ ಕರೆ ಮಾಡಿದರೂ ಆದೀತು.